ಗಯೆಯಲ್ಲಿ ಬಿಟ್ಟದ್ದು

ಅಕ್ಕೋರು ಕೈ ಎತ್ತಿದರೆ ಸ್ಟೀಲ್ ಚೈನಿನ ಗಡಿಯಾರ ಮಣಿಕಟ್ಟಿನಿಂದ ಮೊಣಕೈವರೆಗೆ ಜಾರುತ್ತಿತ್ತು. ಹೊಸಬಾಳೆ ಶಾಲೆಯಲ್ಲಿ ನನಗೆ ಮಗ್ಗಿ ಕಲಿಸುವಾಗ ಅದೇ ಗಡಿಯಾರ ತುಂಬುಗೈಗೆ ಬಿಗಿದು ಕೂತಿರುತ್ತಿತ್ತು. ಲೆಕ್ಕ ತಪ್ಪಿದರೆ ಹೊಡೆಯುತ್ತಿರಲಿಲ್ಲ. "ತಪ್ಪಾದ್ರೆ ಅಳಿಸಿ ಬರಿ, ಹಟ ಮಾಡ್ಬೇಡ" ಅನ್ನುತ್ತಿದ್ದರು.

ನಿವೃತ್ತರಾದ ಮೇಲೆ ಆನವಟ್ಟಿಯಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆ ಇದ್ದರು. ಮಕ್ಕಳಿರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ರಾತ್ರಿ ಊಟ ಮುಟ್ಟುತ್ತಿರಲಿಲ್ಲ. ಗದರಿದರೆ, "ಒಬ್ಬಳೇ ಕೂತು ತಿನ್ನೋದು ಊಟ ಏನೋ? ಅದು ಮೇವು" ಅನ್ನುತ್ತಿದ್ದರು.

ಜಾಗ ಬದಲಾದರೆ ಹಸಿವಾದೀತೆಂದು ಶಿಕಾರಿಪುರದಿಂದ ಹೊರಟ ಯಾತ್ರೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಗಯೆಗೆ ಹೋದವರು ಇಷ್ಟದ ತಿನಿಸೊಂದನ್ನು ಬಿಟ್ಟು ಬರಬೇಕು. ನಾನು ಹಾಗಲಕಾಯಿ ಬಿಟ್ಟೆ. "ಯಾವತ್ತು ತಿಂದಿದ್ಯೋ ಕಳ್ಳ!" ಎಂದು ನಕ್ಕ ಅಕ್ಕೋರು ರಾತ್ರಿಯೂಟವನ್ನೇ ಬಿಟ್ಟು ಬಂದರು. ಗಯೆಯಲ್ಲಿ ಬಿಟ್ಟದ್ದು ಬಿಟ್ಟದ್ದೇ. ಇನ್ನು ಯಾರೂ ಗದರುವಂತಿಲ್ಲ. ನನಗೆ ಕೆಟ್ಟ ಸಿಟ್ಟು ಬಂತು.

ಮಾರನೆಯ ದಿನ ಪ್ರಾಗ್ಬೋಧಿ ಬೆಟ್ಟ ಹತ್ತಿದೆವು. ಬುದ್ಧ ಉಪವಾಸವಿದ್ದನೆನ್ನುವ ಗುಹೆಯೇ ಅಲ್ಲಿಯ ಗುಡಿ. ಬಗ್ಗಿ ಒಳಹೊಕ್ಕರೆ ದೀಪದ ಹೊಗೆಯ ನಡುವೆ, ಪಕ್ಕೆಲುಬು ಎಣಿಸಬಹುದಾದ, ಬಂಗಾರದ ಬಣ್ಣದ ಬುದ್ಧ. ಅಕ್ಕೋರು ಬಹಳ ಹೊತ್ತು ನೋಡಿದರು. ಜಾರಿದ ಗಡಿಯಾರವನ್ನು ಸರಿಮಾಡಿಕೊಂಡರು.

"ಇವನೂ ಬಿಟ್ಟಿದ್ನಲ್ಲೋ."

"ಆಮೇಲೆ ಉಂಡ ಅಕ್ಕೋರೆ. ಹಳ್ಳಿ ಹೆಣ್ಮಗಳು ಪಾಯಸ ಕೊಟ್ಲು, ಹಟ ಬಿಟ್ಟು ಉಂಡ. ತಪ್ಪಾದ್ರೆ ಅಳಿಸಿ ಬರಿ ಅಂತ ನೀವೇ ಹೇಳ್ತಿದ್ರಲ್ಲ?"

"ಕೊಟ್ಟೋಳು ಎದುರಿಗೆ ಬಂದಿದ್ಲು ಕಣೋ. ನೀನು ಬರೀ ಹೇಳ್ತೀಯ."

ಆ ಮಾತು ನಾಟಿತು. "ಊರಿಗೆ ಹೋದ್ಮೇಲೆ ದಿನಾ ರಾತ್ರಿ ನಿಮ್ಮನೇಲೇ ಉಣ್ತೀನಿ" ಅಂದೆ. ಅವತ್ತು ದೀಪ ಹಚ್ಚಿದ ಮೇಲೆ ಛತ್ರದಲ್ಲಿ ನನ್ನೆದುರು ಕೂತು ನಾಲ್ಕು ತುತ್ತು ಮೊಸರನ್ನ ಉಂಡರು. "ವ್ರತ ಮುರಿದ ಪಾಪ ನಿಂದು" ಅಂದರು.

ಊರಿಗೆ ಬಂದ ಮೇಲೆ ಮಳೆಗಾಲ ಮುಗಿಯುವ ತನಕ ಹೋದೆ. ಗಡಿಯಾರ ಮಣಿಕಟ್ಟಿನಲ್ಲೇ ನಿಲ್ಲತೊಡಗಿತ್ತು. ಆಮೇಲೆ ಅಂಗಡಿ, ನೆಂಟರು, ಸೊರಬದ ಓಡಾಟ. ಒಂದು ದಿನ ತಪ್ಪಿತು, ಒಂದು ವಾರ ತಪ್ಪಿತು. ಯಾಕೆ ಬರಲಿಲ್ಲವೆಂದು ಅವರು ಒಮ್ಮೆಯೂ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ನಾನು ನಿಶ್ಚಿಂತನಾಗಿದ್ದೆ, ನಾಚಿಕೆಗೇಡಿ.

ಹೋದ ಚಳಿಗಾಲದಲ್ಲಿ ತೀರಿಕೊಂಡರು. ಸ್ನಾನ ಮಾಡಿಸಿದ ಹೆಂಗಸರು ಗಡಿಯಾರ ತಂದು ನನ್ನ ಕೈಗಿಟ್ಟರು. ಕೊಂಡಿ ಹಾಕಿದ್ದ ಹಾಗೆಯೇ ಇತ್ತು; ಬಿಚ್ಚುವ ಅಗತ್ಯವೇ ಬೀಳಲಿಲ್ಲವಂತೆ.

ಹಾಗಲಕಾಯಿಯನ್ನು ನಾನು ಇವತ್ತಿಗೂ ಮುಟ್ಟಿಲ್ಲ. ಬಿಟ್ಟದ್ದು ಅಕ್ಕೋರಿಗೆ ಕೊಟ್ಟ ಮಾತನ್ನು.