ದಾಲ್ ಮಿಲ್ಲಿನ ಫ್ರಿಜ್ಜೂ ನನ್ನ ಎಫಿಶಿಯನ್ಸಿಯೂ

ಕಳೆದ ಶನಿವಾರ ಮಧ್ಯಾಹ್ನ ಆಳಂದದ ಒಂದು ದಾಲ್ ಮಿಲ್ಲಿನಲ್ಲಿ ನಾನು ಫ್ರಿಜ್ಜಿನ ಪ್ಲಗ್ ಕಿತ್ತೆ.

ಇದರಲ್ಲೇನು ವಿಶೇಷ ಅಂತೀರಾ? ಏನೂ ಇಲ್ಲ. ನನ್ನ ಹೊಟ್ಟೆಪಾಡೇ ಅದು. ಕಾರ್ಖಾನೆಗಳಿಗೆ ಹೋಗಿ ಎಲ್ಲಿ ಕರೆಂಟ್ ಪೋಲಾಗುತ್ತಿದೆ, ಯಾವ ಮೋಟರು ಸುಮ್ಮನೆ ತಿರುಗುತ್ತಿದೆ ಎಂದು ಪತ್ತೆ ಹಚ್ಚಿ ರಿಪೋರ್ಟ್ ಬರೆಯುವ ಎನರ್ಜಿ ಆಡಿಟರ್ ನಾನು. ಈ ಅಂಕಣ ಓದುವವರಿಗೆ ಇದು ಹಳೇ ಸುದ್ದಿ. (ಹೆಂಡತಿ ತಲೆಗೆ ಶಾಂಪೂ ಹಾಕಿಕೊಂಡಿದ್ದಾಗ ಗೀಸರ್ ಆಫ್ ಮಾಡಿ ಬೈಸಿಕೊಂಡಿದ್ದನ್ನೂ ಇಲ್ಲೇ ಬರೆದಿದ್ದೆ. ಆಕೆ ಇನ್ನೂ ಮರೆತಿಲ್ಲ.)

ಮಿಲ್ಲಿನ ದೊಡ್ಡ ಕೆಲಸವೆಲ್ಲ ಮುಗಿದಿತ್ತು. ಸಡಿಲವಾದ ಬೆಲ್ಟು, ಅಗತ್ಯಕ್ಕಿಂತ ದೊಡ್ಡ ಮೋಟರು, ಎಲ್ಲ ಬರೆದುಕೊಂಡಿದ್ದೆ. ಹೊರಡುವಾಗ ಆಫೀಸಿನ ಮೂಲೆಯಲ್ಲಿ ಗುರ್ರೆನ್ನುತ್ತಿದ್ದ ಹಳೇ ಫ್ರಿಜ್ ಕಣ್ಣಿಗೆ ಬಿತ್ತು. ಬಾಗಿಲು ತೆರೆದೆ. ಎರಡು ಬಾಟಲಿ ನೀರು, ಅರ್ಧ ಹೋಳು ಲಿಂಬೆ, ಒಂದು ಸ್ಟೀಲ್ ಡಬ್ಬಿ. ಇಷ್ಟಕ್ಕೆ ಹಗಲೂ ರಾತ್ರಿ ಕರೆಂಟೇ? ಮಾಲೀಕರು ಹೊರಗೆ ಲಾರಿ ಲೋಡ್ ಮಾಡಿಸುತ್ತಿದ್ದರು. ಇಂಥ ಚಿಲ್ಲರೆ ವಿಷಯಕ್ಕೆ ಅವರನ್ನೇಕೆ ಕೇಳುವುದು ಎಂದು ಪ್ಲಗ್ ಕಿತ್ತು, ವೈರನ್ನು ನೀಟಾಗಿ ಸುತ್ತಿಟ್ಟು ಬಂದೆ. ಡಬ್ಬಿಯ ಮುಚ್ಚಳ ತೆರೆಯಲಿಲ್ಲ. ಯಾರದೋ ಪಲ್ಯ ಇರಬೇಕು ಅಂದುಕೊಂಡೆ.

ಸೋಮವಾರ ಬೆಳಿಗ್ಗೆ ಜೇವರ್ಗಿಯ ಹತ್ತಿ ಜಿನ್ನಿಂಗ್ ಮಿಲ್ಲೊಂದರಲ್ಲಿ ಮೀಟರ್ ನೋಡುತ್ತ ನಿಂತಿದ್ದಾಗ ಫೋನ್ ಬಂತು. ಆಳಂದದ ಮಾಲೀಕರು.

"ಸಾಹೇಬ್ರ, ನಮ್ಮ ಫ್ರಿಜ್ ನೀವು ಬಂದ್ ಮಾಡೀರೇನ್ರಿ?"

"ಹೌದ್ರಿ. ಖಾಲಿ ಫ್ರಿಜ್ ಯಾಕ ನಡಸ್ತೀರಿ?"

"ಖಾಲಿ ಎಲ್ಲಿ ಇತ್ತ್ರಿ? ಅದರಾಗ ನಮ್ಮ ಬ್ಯಾಳಿ ಹಸನ ಮಾಡೋ ಶರಣಮ್ಮನ ಮಗಳ ಇನ್ಸುಲಿನ್ ಇತ್ತು. ಈಗ ಬಂದು ನೋಡಿದ್ರ ಡಬ್ಬಿನೂ ಇಲ್ಲ, ಆಕಿನೂ ಕೆಲಸಕ್ಕ ಬಂದಿಲ್ಲ. ಫೋನ್ ಹತ್ತವಲ್ದು."

ಆ ಮಗುವಿಗೆ ಏನಾಗಿದೆ ಎಂದು ಕೇಳಿದೆ.

ಹುಡುಗಿಗೆ ಹನ್ನೊಂದು ವರ್ಷವಂತೆ. ಟೈಪ್ ಒನ್ ಡಯಾಬಿಟಿಸ್. ದಿನವೂ ಇಂಜೆಕ್ಷನ್ ಬೇಕೇ ಬೇಕು. ಆಳಂದದ ಹತ್ತಿರದ ಮಟಕಿ ಎಂಬ ಊರಿನ ಅವರ ಮನೆಯಲ್ಲಿ ಫ್ರಿಜ್ ಇಲ್ಲ. ಮಿಲ್ಲಿನಲ್ಲಿದೆ, ಕರೆಂಟ್ ಹೋದರೆ ಜನರೇಟರೂ ಇದೆ. ಹಾಗಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಕ್ಕ ತಿಂಗಳ ಔಷಧಿಯನ್ನು ಆ ತಾಯಿ ಅಲ್ಲಿಡುತ್ತಿದ್ದಳು. ಮೇ ತಿಂಗಳ ಬಿಸಿಲಲ್ಲಿ, ತಗಡಿನ ಕೆಳಗೆ, ಬಂದಾದ ಫ್ರಿಜ್ಜೆಂದರೆ ಒಲೆಯೇ. ಇನ್ಸುಲಿನ್ ಕೆಟ್ಟರೆ ಕಣ್ಣಿಗೆ ಗೊತ್ತಾಗುತ್ತದೆ ಅನ್ನುವಂತೆಯೂ ಇಲ್ಲ. ಅದನ್ನೇ ಚುಚ್ಚಿದ್ದರೆ? ಶರಣಮ್ಮ ಕೆಲಸಕ್ಕೆ ಬರದಿರಲು ಕಾರಣ ಅದೇ ಆಗಿದ್ದರೆ?

ಮೀಟರನ್ನು ಅಲ್ಲೇ ಬಿಟ್ಟು ಕಾರು ಹತ್ತಿದೆ. ಕಲಬುರಗಿ ದಾಟಿ ಆಳಂದದ ದಾರಿ. ಆ ದಾರಿಯಲ್ಲಿ ನನಗೆ ನೆನಪಾಗಿದ್ದು ಅಫಜಲಪುರದ ಒಂದು ಸಹಕಾರ ಸಂಘ. ಅಲ್ಲಿ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದ ನೌಕರರೊಬ್ಬರನ್ನು "ಇವರಿಗೆ ಕೆಲಸವೇ ಇಲ್ಲ" ಎಂದು ಗೋದಾಮಿಗೆ ಕಳಿಸಲು, ಕರೆಂಟಿನ ರಿಪೋರ್ಟಿನ ಜೊತೆಗೇ ಬಿಟ್ಟಿ ಸಲಹೆ ಕೊಟ್ಟವನು ನಾನು. ಕೌಂಟರಿನ ಕ್ಯೂ ಚಿಕ್ಕದಾಯಿತು. ನಾನು ಬೀಗಿದೆ. ಆಮೇಲೆ ಗೊತ್ತಾಯಿತು, ಪೆನ್ಶನ್ನಿಗೆ ಬರುವ ಅಜ್ಜಿಯರಿಗೆ ಹಣ ಜಮಾ ಆದ ಮೊಬೈಲ್ ಮೆಸೇಜ್ ಓದಿ ಹೇಳುತ್ತಿದ್ದವರು ಅವರೇ. ಕ್ಯೂ ಚಿಕ್ಕದಾಗಿದ್ದು ಅಜ್ಜಿಯರು ಬರುವುದನ್ನೇ ಬಿಟ್ಟಿದ್ದಕ್ಕೆ! ಗೊತ್ತಾದ ಮೇಲೂ ನಾನು ಸುಮ್ಮನಿದ್ದೆ. (ಈಗ ಸಂಘಕ್ಕೆ ಪತ್ರ ಬರೆದಿದ್ದೇನೆ. ತಡವಾಯಿತು, ಒಪ್ಪಿದೆ.)

ಮಟಕಿಯಲ್ಲಿ ಮನೆ ಕೇಳಿಕೊಂಡು ಹೋದಾಗ ಶರಣಮ್ಮ ಹೊಸ್ತಿಲಲ್ಲೇ ಇದ್ದಳು. ಆಗಷ್ಟೇ ಮಗಳೊಂದಿಗೆ ಆಳಂದದಿಂದ ಟಂಟಂ ಆಟೋದಲ್ಲಿ ಬಂದಿಳಿದಿದ್ದಳಂತೆ. ಮಗಳು ಸವಿತಾ ಒಳಗೆ ರೊಟ್ಟಿ, ಪುಂಡಿಪಲ್ಯ ಉಣ್ಣುತ್ತಿದ್ದಳು. ಅವಳು ಉಣ್ಣುವುದನ್ನು ನೋಡಿ ನನಗೆ ಹೋದ ಜೀವ ಬಂತು.

"ದಿನಾ ಮನಿಗಿ ಹೊರಡೋ ಮುಂದ ಫ್ರಿಜ್ ಮ್ಯಾಲ ಕೈ ಇಟ್ಟು ನೋಡ್ತೇನ್ರಿ," ಅಂದಳು ಶರಣಮ್ಮ. "ಜುಂ ಅಂತದ. ಶನಿವಾರ ಸಂಜಿಗಿ ಅನ್ನಲಿಲ್ಲ. ಹಿಂದ ನೋಡಿದ್ರ ವೈರ್ ಸುತ್ತಿಟ್ಟಾರ. ಡಬ್ಬಿ ತಗೊಂಡು ಬಂದ್ಬಿಟ್ಟೆ."

"ಪ್ಲಗ್ ವಾಪಸ್ ಹಾಕಬಹುದಿತ್ತಲ್ಲಮ್ಮ?"

"ಓದಿದ ಸಾಹೇಬ್ರು ತಗದಾರ, ಏನರ ಕಾರಣ ಇರ್ತದ ಅನ್ಕೊಂಡೆ. ಇಷ್ಟು ಛಂದ ಸುತ್ತಿ ಇಟ್ಟವರು ತಪ್ಪು ಮಾಡಿರ್ತಾರೇನ್ರಿ?"

ಆಕೆ ವ್ಯಂಗ್ಯಕ್ಕೆ ಹೇಳಿದ್ದಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಒಳಗೆ ಕರೆದು ತೋರಿಸಿದಳು. ಮೂಲೆಯಲ್ಲಿ ಒಂದು ದೊಡ್ಡ ಮಡಕೆ, ಅದರೊಳಗೆ ಹಸಿ ಮರಳು, ಮರಳಿನಲ್ಲಿ ಚಿಕ್ಕ ಮಡಕೆ, ಮೇಲೆ ಒದ್ದೆ ಬಟ್ಟೆ. ಡಬ್ಬಿ ಅದರಲ್ಲಿ ಕೂತಿತ್ತು. ಬಳಕೆಯ ಬಾಟಲಿಯನ್ನು ಆಕೆ ಯಾವಾಗಲೂ ಇಡುವುದು ಇಲ್ಲೇ. ಕೈ ಹಾಕಿದೆ. ತಂಪು! ಊರಿನಲ್ಲಿ ಭಾನುವಾರದಿಂದ ಕರೆಂಟಿರಲಿಲ್ಲ. (ಆಕೆಯ ಫೋನ್ ಚಾರ್ಜಿಲ್ಲದೆ ಬಂದ್ ಆಗಿದ್ದೂ ಅದಕ್ಕೇ.)

"ನಾಕು ದಿನಕ್ಕ ಮಡಕಿ ನಡೀತದ್ರಿ. ತಿಂಗಳಿಗೆ ಫ್ರಿಜ್ಜೇ ಬೇಕು. ಹಳೇ ಬಾಟಲಿ ನಿನ್ನೆ ಮುಗೀತು. ಹೊಸದು ಹಾಕೋ ಮೊದಲ ದವಾಖಾನಿಗಿ ಒಯ್ದು ಕೇಳಿದೆ. ಎರಡ್ಮೂರು ತಾಸಿಗೆ ಏನಾಗಂಗಿಲ್ಲ, ಆದ್ರೂ ಸಂಜಿಗಿ ಸಕ್ಕರಿ ನೋಡ್ರಿ ಅಂದಾರ."

ನಾನು ಸಂಜೆಯವರೆಗೆ ಅಲ್ಲಿಂದ ಕದಲಲಿಲ್ಲ. ಹೋಗಿ ಮಾಡುವುದಾದರೂ ಏನಿತ್ತು? ಶರಣಮ್ಮ ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ತಟ್ಟೆ ಇಟ್ಟು ರೊಟ್ಟಿ ಬಡಿಸಿದಳು. "ಫಿಕೀರ್ ಮಾಡಬ್ಯಾಡ್ರಿ, ಉಣ್ರಿ," ಅಂದಳು. ಯಾರು ಯಾರಿಗೆ ಸಮಾಧಾನ ಹೇಳಬೇಕಿತ್ತು, ನೀವೇ ಹೇಳಿ.

ಸಂಜೆ ಸವಿತಾ ತಾನೇ ಬೆರಳಿಗೆ ಚುಚ್ಚಿಕೊಂಡು ಪುಟ್ಟ ಮಷೀನಿಗೆ ರಕ್ತದ ಹನಿ ತಾಗಿಸಿದಳು. ಐದು ಸೆಕೆಂಡ್.

"ನೂರಾ ಮೂವತ್ತೆರಡು! ಬರೋಬ್ಬರಿ ಅದ!" ಅಂದಳು. ಆಮೇಲೆ ನನ್ನ ಮುಖ ನೋಡಿ, "ಅಯ್ಯ, ಅಂಕಲ್ ಅಳಾಕತ್ತಾರ ನೋಡವ್ವ!"

ಹೌದು, ಅತ್ತೆ. ಐವತ್ತೆರಡು ವರ್ಷದ ಗಂಡಸು, ಪರಿಚಯವೇ ಇಲ್ಲದವರ ಮನೆಯಲ್ಲಿ ಕೂತು ಅತ್ತೆ. ಶರಣಮ್ಮನಿಗೆ ಕೈ ಮುಗಿದೆ. ಆ ತಾಯಿ ದಿನವೂ ತಪ್ಪದೆ ಫ್ರಿಜ್ಜಿನ ಮೇಲಿಡುವ ಅಂಗೈ ನನ್ನನ್ನು ಯಾವ ಪಾಪದಿಂದ ಉಳಿಸಿತು ಅನ್ನುವುದು ನನಗೆ ಗೊತ್ತು.

ಮರುದಿನ ಮಿಲ್ಲಿಗೆ ಹೋಗಿ ನಾನೇ ಪ್ಲಗ್ ಹಾಕಿದೆ. ಮಾಲೀಕರು ನಕ್ಕು ಚಹಾ ಕುಡಿಸಿದರು. ಅವರಿಗೂ ಒಂದು ಥ್ಯಾಂಕ್ಸ್. ಕೂಲಿಯವಳ ಔಷಧಿಗೆ ಆಫೀಸಿನ ಫ್ರಿಜ್ಜಿನಲ್ಲಿ ಜಾಗ ಬಿಟ್ಟವರು ಅವರು. ನನ್ನ ಲೆಕ್ಕದ ಪ್ರಕಾರ ಮಿಲ್ಲು ಮಾಡುವುದು ತೊಗರಿಬೇಳೆ ಮಾತ್ರ. ಅದು ಒಂದು ಮಗುವನ್ನೂ ಕಾಯುತ್ತಿತ್ತು ಅನ್ನುವುದು ನನ್ನ ರಿಪೋರ್ಟಿನ ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ನಾವು ಉಳಿಸಿದೆವು ಎಂದು ಕುಣಿಯುವಾಗ ಯಾರದೋ ಡಬ್ಬಿ ಬಿಸಿಯಾಗುತ್ತಿರಬಹುದು. ಕರೆಂಟ್ ಉಳಿಸಬೇಡಿ ಎಂದು ಹೇಳುತ್ತಿಲ್ಲ. (ಹೇಳಿದರೆ ನನ್ನ ಹೊಟ್ಟೆಪಾಡೇನು?) ಹಳೇ ಫ್ರಿಜ್ ತೆಗೆದು ಕಡಿಮೆ ಕರೆಂಟಿನ ಚಿಕ್ಕದೊಂದು ತರಿಸಿ ಎಂದು ಈಗ ಬರೆದುಕೊಟ್ಟಿದ್ದೇನೆ.

ಆ ಶನಿವಾರ ನಾನು ಮಿಲ್ಲಿನ ಹದಿನಾಲ್ಕು ಮೋಟರಿಗೂ ಮೀಟರ್ ಹಿಡಿದು ನೋಡಿದ್ದೆ. ಹತ್ತು ಹೆಜ್ಜೆ ಆಚೆ ಬೇಳೆ ಹಸನು ಮಾಡುತ್ತ ಕೂತಿದ್ದ ಹೆಂಗಸರನ್ನು "ಈ ಡಬ್ಬಿ ಯಾರದಮ್ಮ?" ಎಂದು ಕೇಳಲು ಎಷ್ಟು ಯೂನಿಟ್ ಖರ್ಚಾಗುತ್ತಿತ್ತು?