ತಡವಾಗಿ ಬರುವ ನಾಲ್ಕನೆಯ ಕಾರ್ಡ್

ಹೊಸನಗರದಲ್ಲಿ ರವಿಕೆ ಹೊಲಿಯುವ ಸರೋಜಳಿಗೆ ಗಂಡ ಬದುಕಿದ್ದಾಗ ಸಂಗೀತವೆಂದರೆ ತಲೆನೋವು. ಶಂಭು ಮದುವೆ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. "ಬಾರೇ, ನಾಲ್ಕು ಕಾರ್ಡ್ ಕಲ್ತರೆ ಸಾಕು," ಎಂದು ಅವನು ಕರೆದಾಗಲೆಲ್ಲ, "ನಿಮ್ಮ ಟೊಂಯ್ ಟೊಂಯ್‌ಗಿಂತ ನನ್ನ ಮಿಷನ್ನಿನ ಸದ್ದೇ ವಾಸಿ," ಎನ್ನುತ್ತಿದ್ದಳು. ಬಾಯಿ ಅಂದರೆ ಬಾಯಿ!

ಅವನೂ ಬಿಡುವವನಲ್ಲ. ಒಂದು ದಿನ ಸಿ, ಎ ಮೈನರ್, ಎಫ್, ಜಿ ಎಂಬ ನಾಲ್ಕು ಕಾರ್ಡುಗಳನ್ನು, ಅಂದರೆ ಒಟ್ಟಿಗೆ ಒತ್ತುವ ಸ್ವರಗುಚ್ಛಗಳನ್ನು, ಎಡಗೈಯಲ್ಲಿ ಮತ್ತೆ ಮತ್ತೆ ನುಡಿಸಿ ಕೀಬೋರ್ಡಿನಲ್ಲೇ ರೆಕಾರ್ಡ್ ಮಾಡಿಟ್ಟ. "ಎಡಗೈ ಮನೆ ಇದ್ದಂಗೆ, ಬಲಗೈ ಬೀದಿ. ಬೀದೀಲಿ ಎಲ್ ಬೇಕಾದ್ರೂ ತಿರುಗು, ಕೊನೆಗೆ ಮನೆಗ್ ಬಂದ್ರಾಯ್ತು. ಮನಸ್ ಬಂದಾಗ ಬಲಗೈ ಸೇರಿಸು." ಆ ತಿಂಗಳೇ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ.

ಮೂರು ತಿಂಗಳು ಕಳೆದು ಸರೋಜ ಪ್ಲೇ ಒತ್ತಿದಳು. ಸತ್ತವನ ಎಡಗೈ ಮನೆ ತುಂಬ ಓಡಾಡಿತು. ಹೆದರಿ ಆರಿಸಿದಳು. ಮರುದಿನ ಮತ್ತೆ ಒತ್ತಿ, ಬಲಗೈಯ ಒಂದೇ ಬೆರಳಲ್ಲಿ ತಡವರಿಸುತ್ತ ಏನೋ ಸೇರಿಸಿದಳು. ಸ್ವರ ತಪ್ಪಿದರೆ ಪಕ್ಕದ್ದಕ್ಕೆ ಜಾರಿಕೊಳ್ಳುವುದನ್ನು ಕಲಿತಳು. ಹೀಗೇ ಎರಡು ವರ್ಷ. ನಾಲ್ಕನೆಯ ಕಾರ್ಡ್ ಮಾತ್ರ ಪ್ರತಿ ಸಲ ಅರ್ಧ ತಾಳ ತಡವಾಗಿ ಬರುತ್ತಿತ್ತು. ಅದಕ್ಕೆ ಕೈ ದೂರ ಚಾಚಬೇಕು. ಮುರಿದು ಕೂಡಿದ್ದ ಶಂಭುವಿನ ಕಿರುಬೆರಳು ಹಿಂದೆ ಬೀಳುತ್ತಿತ್ತು. ಬದುಕಿದ್ದಾಗ ಒಂದು ದಿನವೂ ಪಕ್ಕದಲ್ಲಿ ಕೂರಲಿಲ್ಲವಲ್ಲ ಎಂದು ಆ ಹೊತ್ತಿಗೆ ಅವಳಿಗೆ ಅನ್ನಿಸುತ್ತಿತ್ತು.

ಈ ಸಲ ಮಹಾಲಯ ಅಮಾವಾಸ್ಯೆಗೆ ಅತ್ತೆ ವರದಮ್ಮ ಮಗನಿಗೆ ಎಡೆ ಇಟ್ಟರು. ಕಡುಬು, ಕೋಳಿಸಾರು, ಹೊಸ ಪಂಚೆ. ಅವನಿಗೆ ಪ್ರಿಯವಾದದ್ದೂ ಇರಲೆಂದು ಸರೋಜ ಕೀಬೋರ್ಡನ್ನು ತಂದು ಸ್ವಿಚ್ ಹಾಕಿಟ್ಟಳು. ವರದಮ್ಮ ಅದಕ್ಕೂ ಕುಂಕುಮ ಹಚ್ಚಿದರು. ಸತ್ತವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಇಬ್ಬರೂ ಹೊರಗೆ ಕೂತರು. ಆಮೇಲೆ ಪದ್ಧತಿಯಂತೆ ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋದರು. ತಟ್ಟದೆ ನುಗ್ಗಿದರೆ ಉಣ್ಣುತ್ತಿರುವವರು ಬೆಚ್ಚಿ ಎದ್ದುಬಿಡುತ್ತಾರಂತೆ.

ಊಟವಾದ ಮೇಲೆ ಸರೋಜ ಪ್ಲೇ ಒತ್ತಿದಳು. ಸದ್ದಿಲ್ಲ. ಮತ್ತೆ ಒತ್ತಿದಳು. ಆಗ ಕಂಡಿತು, ರೆಕಾರ್ಡ್ ಗುಂಡಿಯ ಮೇಲೆ ದಪ್ಪನೆಯ ಕುಂಕುಮದ ಬೊಟ್ಟು. ಹಳೆಯದೆಲ್ಲ ಅಳಿಸಿಹೋಗಿ, ಅದರ ಜಾಗದಲ್ಲಿ ಬರೀ ಮೌನ ರೆಕಾರ್ಡ್ ಆಗಿತ್ತು.

"ಎಂಥ ಕೆಲ್ಸ ಮಾಡಿದ್ರಿ ಅತ್ತೆ! ಇದ್ದಿದ್ದೊಂದು ಕೈ, ಅದನ್ನೂ ಒರೆಸಿ ಹಾಕಿದ್ರಲ್ಲ!"

"ನಂಗೇನ್ ಗೊತ್ತಿತ್ತೇ ಮಾರಾಯ್ತಿ, ಪೂಜೆ ಅಂತ ಹಚ್ಚಿದ್ದು..." ವರದಮ್ಮ ಸೆರಗು ಬಾಯಿಗಿಟ್ಟುಕೊಂಡು ಜಗುಲಿಗೆ ಹೋದರು. ಫೋನಿಗಾದರೂ ಇಳಿಸಿಟ್ಟುಕೊಳ್ಳಬಹುದಿತ್ತು. ಹೊಳೆಯಬೇಕಲ್ಲ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸರೋಜ ಕೀಬೋರ್ಡನ್ನು ತನ್ನ ಕೋಣೆಗೆ ಹೊತ್ತೊಯ್ದು ಬಾಗಿಲು ಹಾಕಿಕೊಂಡು ಅತ್ತಳು. ಅತ್ತು ಸಾಕಾದಾಗ ಎಡಗೈಯನ್ನು ಕೀಗಳ ಮೇಲಿಟ್ಟಳು. ಅದು ಅವನ ಜಾಗವೆಂದು ಈವರೆಗೆ ಮುಟ್ಟಿರಲಿಲ್ಲ. ಸಿ. ಎ ಮೈನರ್. ಎಫ್. ನಾಲ್ಕನೆಯದು ಅರ್ಧ ತಾಳ ತಡವಾಯಿತು. ಇನ್ನೊಂದು ಸುತ್ತು ಬಂದಾಗ ಬೇಕೆಂದೇ ಬೇಗ ಚಾಚಿದಳು. ಆಗಲೂ ತಡ. ಅವಳ ಕಿರುಬೆರಳಿಗೆ ಏನೂ ಆಗಿರಲಿಲ್ಲ. ಆದರೂ ಕೈ ತೆಗೆಯದೆ ಬಲಗೈಯನ್ನೂ ಸೇರಿಸಿದಳು.

ಜಗುಲಿಯಲ್ಲಿ ಅಳು ನಿಂತಿತು. ಹೆಜ್ಜೆ ಬಾಗಿಲವರೆಗೆ ಬಂತು. ಸೊಸೆಯ ಕೋಣೆಗೆ ವರದಮ್ಮ ಎಂದೂ ಕೇಳಿ ಬಂದವರಲ್ಲ. ಈಗ ಮೂರು ಸಲ ತಟ್ಟಿದರು.

"ಶಂಭೂ," ಎಂದರು ಆಚೆಯಿಂದ, "ಊಟ ಆಯ್ತೇನೋ? ಒಳಗ್ ಬರ್ಲಾ?"