ಚಿಕ್ಕಮ್ಮ ಹೊಡೆದ ಮೊದಲ ಮೊಳೆ

ಚಿಕ್ಕಮ್ಮ ತನ್ನ ಹೊಸ ಮನೆಯ ಗೋಡೆಗೆ ಮೊದಲ ಮೊಳೆ ಹೊಡೆದಳು. ಅದು ನೇರ ನೀರಿನ ಪೈಪಿಗೆ ಇಳಿಯಿತು. ಅದೇ ಹೊತ್ತಿಗೆ ಒಳಗೆ ಕಾಲಿಟ್ಟ, ಮನೆ ಕೊಟ್ಟ ವಸತಿ ಸಂಘದ ಅಧ್ಯಕ್ಷರ ಉತ್ಸಾಹಕ್ಕೆ, ಇಸ್ತ್ರಿ ಅಂಗಿಗೆ, ಒಟ್ಟಿಗೇ ತಣ್ಣೀರು ಬಿತ್ತು.

ಪೈಪು ಎಲ್ಲಿರುತ್ತದೆಂದು ಅವಳಿಗೆ ಗೊತ್ತಾಗುವುದಾದರೂ ಹೇಗೆ? ಬಟ್ಟೆ ಹೊಲಿದು ಬಾಡಿಗೆ ಕಟ್ಟಿ ಕಟ್ಟಿಯೇ ಬಾಡಿದವಳು. ಅಷ್ಟು ಮನೆ ಬದಲಿಸಿದರೂ ಒಂದು ಮೊಳೆ ಹೊಡೆದವಳಲ್ಲ. "ಗೋಡೆಗೆ ತೂತು ಬಿದ್ರೆ ಅಡ್ವಾನ್ಸಿಗೂ ತೂತು ಬೀಳುತ್ತೆ ನೋಡಮ್ಮ" ಎಂಬುದು ಎಲ್ಲ ಮಾಲೀಕರ ಪಲ್ಲವಿ. ಹೀಗಾಗಿ ತೀರಿಕೊಂಡ ಚಿಕ್ಕಪ್ಪನ ಫೋಟೊ ಹೊಲಿಗೆ ಯಂತ್ರದ ಪಕ್ಕ, ಗೋಡೆಗೊರಗಿ ನೆಲದ ಮೇಲೆ ಕೂತಿರುತ್ತಿತ್ತು. ಬದುಕಿದ್ದಾಗಲೂ ಅವರು ಹೆಚ್ಚಾಗಿ ಇದೇ ಭಂಗಿಯಲ್ಲಿದ್ದರು, ಅದು ಬೇರೆ ಮಾತು.

ಸಂಘದ ಏರ್ಪಾಟು ಸರಳ. ನೆಲ ಎಂದೆಂದಿಗೂ ಸಂಘದ್ದು, ಅಂದರೆ ಎಲ್ಲರದು. ಮನೆ ಮಾತ್ರ ನಿಮ್ಮದು. ನೆಲದ ಬೆಲೆ ತೆರಬೇಕಿಲ್ಲದ್ದರಿಂದ ದರ್ಜಿಯ ಕೈಗೂ ಎಟುಕುತ್ತದೆ. ಮುಂದೆ ಮಾರಿದರೆ ಇನ್ನೊಬ್ಬ ದರ್ಜಿಗೆ ಎಟುಕುವಂತೆಯೇ ಮಾರಬೇಕು.

"ಕಾಲ ಕೆಳಗಿನ ಮಣ್ಣೇ ನಿಂದಲ್ಲ, ಇದ್ಯಾವ ಸ್ವಂತ ಮನೆ ತಾಯಿ?" ಎಂದು ಅವಳ ಅಣ್ಣ ಗೇಲಿ ಮಾಡಿದ್ದ.

"ಇಷ್ಟು ದಿನ ಗೋಡೆನೂ ನಂದಾಗಿರ್ಲಿಲ್ಲವಲ್ಲ ಅಣ್ಣ."

ಬಾಯಿ ಹಾಗೆಂದರೂ ಎದೆಗೆ ಧೈರ್ಯವಿರಲಿಲ್ಲ. ಬೇಡವೆನಿಸಿದರೆ ಮೂರು ತಿಂಗಳೊಳಗೆ ಮನೆ ಹಿಂದಿರುಗಿಸಿ, ಕಟ್ಟಿದ ಅಡ್ವಾನ್ಸ್ ವಾಪಸ್ ಪಡೆಯಬಹುದಿತ್ತು. ಗಡುವು ಮುಗಿಯುತ್ತ ಬಂದರೂ ಗಂಟುಮೂಟೆ ಬಿಚ್ಚಿರಲಿಲ್ಲ. ಯಾರೋ ಬಂದು "ಖಾಲಿ ಮಾಡಿ" ಎಂದಾರೆಂದು ಕಿವಿ ಬಾಗಿಲಲ್ಲೇ. ಅತ್ತ ಇದೇ ಮನೆಗೆ ಇನ್ನೊಂದು ಸಂಸಾರ ಕಾದಿತ್ತು. ಇತ್ಯರ್ಥ ಮಾಡಲೆಂದೇ ಅಧ್ಯಕ್ಷರು ಬಂದದ್ದು. ಒಂದು ಮೊಳೆ ಹೊಡೆದು ನೋಡೋಣ, ಯಾರಾದರೂ ಬೈಯುತ್ತಾರೋ ಎಂದು ಅವಳು ಸುತ್ತಿಗೆ ಎತ್ತಿದ್ದಳು.

ಯಾರೂ ಬೈಯಲಿಲ್ಲ. ಎದುರುಮನೆಯಾಕೆ ಬಕೆಟ್ ತಂದಳು, ಅವಳ ಗಂಡ ಓಡಿ ವಾಲ್ವ್ ಮುಚ್ಚಿದ. ಪಕ್ಕದ ಮನೆಯ ಪ್ಲಂಬರ್, ತೊಳೆಯಲು ನೀರಿಲ್ಲದೆ, ಎಂಜಲು ಕೈಯಲ್ಲೇ ಬಂದ.

"ಮೊಳೆ ಹೊಡೆಯೋಕೆ ನಲ್ಲಿ ನೆತ್ತೀನೇ ಬೇಕಿತ್ತಾ ಅಕ್ಕ?" ಎಂದು ನಗುತ್ತಲೇ ಪೈಪು ಸರಿಮಾಡಿ, ಎದುರು ಗೋಡೆಯಲ್ಲಿ ಮೊಳೆಗೆ ಜಾಗ ತೋರಿಸಿದ. ಚಿಕ್ಕಪ್ಪ ಕೊನೆಗೂ ನೆಲ ಬಿಟ್ಟೆದ್ದರು.

ಎಲ್ಲರಿಗೂ ಟವೆಲ್ ಬೇಕಲ್ಲ, ಚಿಕ್ಕಮ್ಮ ಗಂಟು ಬಿಚ್ಚಿದಳು. ಚಹಾಕ್ಕೆ ಲೋಟ ಬೇಕಲ್ಲ, ಇನ್ನೊಂದನ್ನೂ ಬಿಚ್ಚಿದಳು. "ನಿಮ್ಮ ಋಣ ಹೇಗೆ ತೀರಿಸ್ಲಪ್ಪ?" ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಟವೆಲ್ ಹೊದ್ದ ಅಧ್ಯಕ್ಷರು ಕೇಳಿದರು: "ಈಗ ಹೇಳಿಬಿಡಿ ಅಮ್ಮ. ಇರ್ತೀರಾ, ವಾಪಸ್ ಕೊಡ್ತೀರಾ?"

ಎಲ್ಲರ ಲೋಟವೂ ತುಟಿಯ ಬಳಿ ನಿಂತಿತು. ಚಿಕ್ಕಮ್ಮ ಗೋಡೆಯ ತೂತನ್ನು ನೋಡಿದಳು.

"ಇರದೆ ಇನ್ನೇನ್ ಮಾಡ್ಲಿ ಸಾರ್? ಇಷ್ಟು ದೊಡ್ಡ ತೂತು ಮಾಡಿ, ಯಾವ ಮುಖ ಇಟ್ಕೊಂಡು ಅಡ್ವಾನ್ಸ್ ವಾಪಸ್ ಕೇಳ್ಲಿ?"